ಬ್ರೆಡ್ಡಿನ ಚೀಲ

ಉರಿಸುವ ಕಸಕ್ಕೆ ಮಂಗಳವಾರ, ಶುಕ್ರವಾರ.
ಚೀಲದೊಳಗಿನದು ಹೊರಗಿನವರಿಗೆ ಕಾಣಬೇಕು,
ಮೇಲೆ ಹೆಸರು ಬರೆದಿರಬೇಕು.
ಅಓಮೊರಿಯ ನಮ್ಮ ಬೀದಿಯಲ್ಲಿ
ಯಾರ ಮನೆಯಲ್ಲಿ ಏನು ತಿಂದರೆಂದು
ಕಾಗೆಗಳಿಗೂ ಗೊತ್ತು.

ಆಪರೇಷನ್ ಆದಮೇಲೆ ಡಾಕ್ಟರು ಹೇಳಿದ್ದು ಎರಡೇ ಮಾತು:
ಗಡ್ಡೆ ಹೋಯಿತು, ಹಿಡಿತ ಬರಲು ತಿಂಗಳುಗಳು ಬೇಕು.
ಎಷ್ಟು ತಿಂಗಳು ಅಂತ ನಾನು ಕೇಳಲಿಲ್ಲ.
ನರ್ಸು ಕಟ್ಟುವುದು ಕಲಿಸಿದಳು, ಬಿಚ್ಚುವುದು ಕಲಿಸಿದಳು.
ಬಿಚ್ಚಿದ್ದನ್ನು ಎಲ್ಲಿಡಬೇಕು,
ನಾಲ್ಕು ಜನ ಹಂಚಿಕೊಂಡ ಬಾಡಿಗೆ ಮನೆಯಲ್ಲಿ,
ಒಂದೇ ಕಕ್ಕಸು, ಅಡುಗೆಮನೆಯಲ್ಲಿ ಒಂದೇ ಬುಟ್ಟಿ ಇರುವಲ್ಲಿ,
ಅದು ಅವಳ ಪಾಠದಲ್ಲಿರಲಿಲ್ಲ.

ನಾನೇ ಕಲಿತೆ.
ಒಳಮುಖಕ್ಕೆ ಮಡಚಿ, ಚಾಪೆ ಸುತ್ತಿದ ಹಾಗೆ
ಬಿಗಿಯಾಗಿ ಸುತ್ತಬೇಕು, ಗಾಳಿ ಉಳಿಯಬಾರದು.
ಆಮೇಲೆ ನಿನ್ನೆಯ ಪೇಪರಿನ ಎರಡು ಹಾಳೆ.
ಆಮೇಲೆ ಬ್ರೆಡ್ಡಿನ ಚೀಲ.
ಮಾಮೂಲಿ ಪ್ಲಾಸ್ಟಿಕ್ಕು ವಾಸನೆಯನ್ನು ಬಿಟ್ಟುಕೊಡುತ್ತದೆ,
ಬ್ರೆಡ್ಡಿನ ಚೀಲ ಬಿಟ್ಟುಕೊಡುವುದಿಲ್ಲ.
ಇದನ್ನು ಹೇಳಿದವಳು ಆಸ್ಪತ್ರೆಯ ಬಸ್‌ಸ್ಟಾಪಿನಲ್ಲಿ
ಗುರುತಿಲ್ಲದ ಒಬ್ಬಾಕೆ,
ಪಕ್ಕದಲ್ಲಿದ್ದ ಗಂಡನ ಕಡೆಗೆ ನೋಡದೆ.

ಹಾಗಾಗಿ ಬ್ರೆಡ್ಡು ತಿಂದೆ.
ಐವತ್ತೆಂಟು ವರ್ಷ ಬೆಳಗಾದರೆ ಅನ್ನ ಉಂಡವನು
ಆರು ಹೋಳಿನ ಪೊಟ್ಟಣ ಹಿಡಿದು ಕೂತೆ.
ಚೀಲ ದಿನಕ್ಕೆ ಮೂರು ಬೇಕು,
ಹೊಟ್ಟೆ ಒಂದಕ್ಕೇ ಸಾಕೆನ್ನುತ್ತದೆ.
ಉಳಿದ ಹೋಳುಗಳು ಫ್ರೀಜರು ಸೇರಿ
ಎಲ್ಲರ ಮೀನಿಗೂ ಜಾಗವಿಲ್ಲದಂತಾಯಿತು.
ಮೂಲೆ ಕೋಣೆಯ ಹುಡುಗ ಶುಂಗೊ ಕೇಳಿದ:
"ಕುರಾಹಾಶಿ-ಸಾನ್, ಪಾರಿವಾಳ ಸಾಕಿದ್ದೀರಾ?"
ಎಲ್ಲರೂ ನಕ್ಕರು, ನಾನೂ ನಕ್ಕೆ.
ನಕ್ಕರೆ ಸೋರುತ್ತದೆ.
ಅರ್ಧ ನಗುವುದನ್ನು ಆ ಚಳಿಗಾಲವೇ ಕಲಿತದ್ದು.

ನನ್ನದು ಹಿಮ ದಬ್ಬುವ ಗಾಡಿಯ ಕೆಲಸ,
ರಾತ್ರಿ ಒಂದರಿಂದ ಊರು ಏಳುವತನಕ.
ಎರಡು ತಿಂಗಳ ರಜೆ ಮುಗಿಸಿ ಮತ್ತೆ ಹತ್ತಿದೆ.
ಊರವರ ಬಾಗಿಲ ಮುಂದೆ ಬಿದ್ದದ್ದನ್ನೆಲ್ಲ
ಬದಿಗೆ ಸರಿಸುವವನು,
ನನ್ನ ಒಂದು ಚೀಲವನ್ನು
ಬೇಸಿಗೆಯ ಅಂಗಿಗಳ ಹಿಂದೆ ಬೀರುವಿನಲ್ಲಿಟ್ಟು
ವಾರ ಎಣಿಸುತ್ತಿದ್ದೆ.
ನಸುಕಿಗೆ ಮುಂಚೆ ಕಸ ಇಡಬಾರದು, ಗೊತ್ತು.
ಇಟ್ಟೆ. ಬಲೆಯ ಅಡಿಗೆ, ಎಲ್ಲಕ್ಕಿಂತ ಕೆಳಗೆ,
ಹೆಸರಿನ ಬದಿ ನೆಲಕ್ಕೆ.
ಕಳ್ಳನ ಮನಸ್ಸು ಹುಳ್ಳುಳ್ಳಗೆ:
ಗಾಡಿಯ ಕನ್ನಡಿಯಲ್ಲಿ ತಿರುವಿನತನಕ ಅದನ್ನೇ ನೋಡುತ್ತಿದ್ದೆ.

ಫೆಬ್ರವರಿಯ ಒಂದು ಶುಕ್ರವಾರ
ಕೊನೆಯ ಸುತ್ತಿಗೆ ನಮ್ಮ ಬೀದಿಗೇ ಬಂದಾಗ
ಕಾಗೆಗಳು ಬಲೆ ಎತ್ತಿದ್ದವು.
ಬಿಳಿ ಹಿಮದ ಮೇಲೆ ನನ್ನ ಸುರುಳಿಗಳು,
ಒಂದು ಪೂರಾ ಬಿಚ್ಚಿಕೊಂಡು.
ಬೇರೆಯವರ ಮೀನಿನ ಮುಳ್ಳು ಬಿಟ್ಟು
ನನ್ನದೇ ಬೇಕಿತ್ತು ಅವಕ್ಕೆ, ಬ್ರೆಡ್ಡಿನ ಚಿತ್ರ ಇತ್ತಲ್ಲ.

ಓರಿಯೆ ನಿಂತಿದ್ದಳು, ಎದುರು ಕೋಣೆಯವಳು,
ಶಾಲೆಯ ಅಡುಗೆಮನೆಗೆ ಹೊರಟವಳು, ಬೂಟು ಹಾಕಿಕೊಂಡೇ.
ನಾನು ಗಾಡಿಯ ದೀಪ ಆರಿಸಿದೆ.
ಇಳಿಯಬೇಕಿತ್ತು. ಇಳಿಯಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.
ಅವಳು ಕೈಗವಸಿನಲ್ಲೇ ಒಂದೊಂದಾಗಿ ಹೆಕ್ಕಿದಳು,
ಬಿಚ್ಚಿದ್ದನ್ನು ಮತ್ತೆ ಸುತ್ತಿದಳು, ನನಗಿಂತ ಬಿಗಿಯಾಗಿ.
ಅಂಥ ಅಭ್ಯಾಸ ಅವಳಿಗೆಲ್ಲಿ ಆಯಿತೋ.
ಹೊಸ ಚೀಲಕ್ಕೆ ತುಂಬಿ, ಮೊಣಕಾಲ ಮೇಲಿಟ್ಟು
ಪೆನ್ನಿನಿಂದ ಹೆಸರು ಬರೆದಳು.

ಅವಳು ಹೋದಮೇಲೆ ಇಳಿದು ನೋಡಿದೆ.
ನನ್ನದಲ್ಲ,
ಅವಳ ಹೆಸರು, ದೊಡ್ಡದಾಗಿ, ರಸ್ತೆಯ ಕಡೆಗೆ.

ಮುಂದಿನ ಸೋಮವಾರ ವಾಷಿಂಗ್ ಮಷೀನಿನ ಮೇಲೆ
ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು:
ಶಾಲೆಯ ಬ್ರೆಡ್ಡಿನ ಚೀಲಗಳು, ಪುಡಿ ಕೊಡವಿ
ನೀಟಾಗಿ ಮಡಚಿದ್ದು. ಚೀಟಿ ಇರಲಿಲ್ಲ.
ನಾವಿಬ್ಬರೂ ಈತನಕ ಮಾತಾಡಿದ್ದು
ಗ್ಯಾಸಿನ ಬಿಲ್ಲಿನ ಬಗ್ಗೆ, ಹಿಮದ ಬಗ್ಗೆ.

ಅವತ್ತು ಅಕ್ಕಿ ತೊಳೆದು
ನಾಲ್ಕು ಜನಕ್ಕಾಗುವಷ್ಟು ಅನ್ನಕ್ಕಿಟ್ಟೆ.
ಫ್ರೀಜರಿನ ಬ್ರೆಡ್ಡು ಇನ್ನೂ ಮುಗಿದಿಲ್ಲ.